ಎಣ್ಣೆ ಕೇಳಲು ಮುದ್ದೇಬಿಹಾಳಕ್ಕೆ

ಮನೆಯಲ್ಲಿ ನಮ್ಮನ್ನು ಬೈಯುವವರು ಒಬ್ಬರಾದರೂ ಇರಬೇಕು. ಬೈಯುವವರಿಲ್ಲದ ಮನೆಯಲ್ಲಿ ಪಲ್ಯಕ್ಕೆ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದು ಕೂಡ ಗೊತ್ತಾಗುವುದಿಲ್ಲ. ತಾಟು ಖಾಲಿಯಾಯಿತು, ಅಂದರೆ ಊಟ ಮುಗಿಯಿತು ಅಂತ ಎದ್ದು ಕೈ ತೊಳೆಯುವುದಷ್ಟೇ. ಸಿಂದಗಿಯ ನನ್ನ ಮನೆಯಲ್ಲಿ ಎರಡು ವರ್ಷದಿಂದ ಹೀಗೇ ನಡೆದಿದೆ. ನಾನು ಲೇತ್ ಮಷಿನ್ನಿನ ಮೇಲೆ ಕಟ್ಟಿಗೆ ತಿರುವಿ ಲಟ್ಟಣಿಗೆ, ಕಡಗೋಲು, ತೊಟ್ಟಿಲ ಕಾಲು ಮಾಡುವವನು. ಏಳನೇ ಇಯತ್ತೆಯ ತನಕ ಓದಿದ್ದೇನೆ. ಏಳನೆಯದನ್ನು ಎರಡು ಸಲ ಓದಿದ್ದರಿಂದ ಎಂಟು ಅಂತಲೇ ಹಿಡಿಯಿರಿ. ಮದುವೆ ಯಾಕೆ ಆಗಲಿಲ್ಲ ಎಂಬುದು ಬೇರೆ ಕಥೆ, ಅದರಲ್ಲಿ ನನ್ನ ತಪ್ಪಿಲ್ಲ. ಈಗ ಹೇಳುವ ಕಥೆಯಲ್ಲಿ ತಪ್ಪೆಲ್ಲ ನನ್ನದೇ.

ಅಕ್ಕ ಶಾಂತವ್ವ ಗಂಡ ತೀರಿದ ಮೇಲೆ ಮಗಳನ್ನು ಕರೆದುಕೊಂಡು ನನ್ನ ಮನೆಗೇ ಬಂದಿದ್ದಳು. ಮಗಳನ್ನು ಮುದ್ದೇಬಿಹಾಳಕ್ಕೆ ಕೊಟ್ಟ ಮೇಲೆ ಉಳಿದವರು ನಾವಿಬ್ಬರೇ. ನಾನು ತಿರುವುವುದು, ಅವಳು ಎಣ್ಣೆ ಹಚ್ಚಿ ತಿಕ್ಕುವುದು. ನನ್ನ ಕೈಯಿಂದ ಬಿಳಚಿಕೊಂಡು ಹೊರಬಿದ್ದ ಜಾಲಿಕಟ್ಟಿಗೆ ಅವಳ ಕೈಗೆ ಹೋಗಿ ಬಂದರೆ ಹೊಸ ಬೆಲ್ಲದ ಬಣ್ಣಕ್ಕೆ ತಿರುಗಿರುತ್ತಿತ್ತು. ಒಂದು ದಿನ ಇಂಡಿ ಊರಿನ ಮಾಸ್ತರರೊಬ್ಬರು ಕಡಗೋಲು ಕೊಳ್ಳಲು ಬಂದವರು ಅದನ್ನು ಬೆಳಕಿಗೆ ಹಿಡಿದು, “ಏನ್ ಹೊಳಪ್ರೀ ಇದು! ಯಾರ ಕೈಗುಣ?” ಎಂದರು.

“ಎಲ್ಲಾ ನಂದ ರೀ,” ಎಂದೆ. ಅಷ್ಟಕ್ಕೆ ಬಾಯಿ ಮುಚ್ಚಬಹುದಿತ್ತು. “ಎಣ್ಣಿ ಹಚ್ಚೂದು ಏನ್ ದೊಡ್ಡ ಕೆಲಸಲ್ರಿ. ಅಕ್ಕಗ ಹೊತ್ತು ಹೋಗವಲ್ದು, ಕುಂತಲ್ಲೇ ತಿಕ್ಕತಿರ್ತಾಳ.”

ಅಕ್ಕ ಚಹಾ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತಿದ್ದಳು. ಮಾಸ್ತರರಿಗೆ ಕೊಟ್ಟಳು, ನನಗೂ ಕೊಟ್ಟಳು, ಸಕ್ಕರೆಯೂ ಸರಿಯಾಗಿತ್ತು, ಬೈಗುಳ ಮಾತ್ರ ಇರಲಿಲ್ಲ. ಆಗಲೇ ನನಗೆ ಹೆದರಿಕೆಯಾಗಬೇಕಿತ್ತು. ಮುಂದಿನ ವಾರ ಮಗಳ ಬಾಣಂತನಕ್ಕೆಂದು ಹೋದಳು. ಬಾಣಂತನ ಮುಗಿಯಿತು, ಕೂಸು ಅಂಬೆಗಾಲಿಟ್ಟಿತು, ಈಗ ಅಂಗಳದ ತುಂಬ ಓಡುತ್ತದೆಯಂತೆ. ಅಕ್ಕ ಮಾತ್ರ ಬರಲಿಲ್ಲ.

ಎಣ್ಣೆ ತಾನೇ, ನಾನೇ ಹಚ್ಚುತ್ತೇನೆ ಎಂದುಕೊಂಡೆ. ಅಡುಗೆಮನೆಯಲ್ಲಿ ಶೇಂಗಾ ಎಣ್ಣೆ ಇತ್ತು, ಅದನ್ನೇ ಹಚ್ಚಿದೆ. ಎಂಟು ದಿನಕ್ಕೆ ಓಣಿಯ ಗಂಗವ್ವ ಬಂದಳು.

“ಮಲ್ಲಪ್ಪಾ, ನೀ ಕೊಟ್ಟಿದ್ದು ಲಟ್ಟಣಿಗ್ಯೋ, ಇರುವಿ ಗೂಡೋ?”

“ಯಾಕ ಕಾಕೂ?”

“ಗ್ವಾಡಿಗೆ ತೂಗುಹಾಕಿದ್ರ ಇರುವಿ ಮೆರವಣಿಗಿ ಹೊಂಟೈತಿ. ಚಪಾತಿ ತಿಂದು ನಮ್ಮ ಮನಿಯವರು, ಇವತ್ತ ಶೇಂಗಾ ಹೋಳಿಗಿ ಮಾಡೀಯೇನ ಅಂತ ಕೇಳಿದ್ರು!”

ಆಮೇಲೆ ಕುಸುಬಿ ಎಣ್ಣೆ ತಂದೆ. ಅದು ವಾರಗಟ್ಟಲೆ ಅಂಟಂಟಾಗಿಯೇ ಉಳಿದು, ಲೇತಿನ ಪುಡಿಯೆಲ್ಲ ಹತ್ತಿಕೊಂಡು ಕಡಗೋಲಿಗೆ ಮೀಸೆ ಬಂದಂತಾಯಿತು. ಅಕ್ಕ ಹಚ್ಚುತ್ತಿದ್ದದ್ದು ಅಗಸಿ ಎಣ್ಣೆ ಎಂದು ನೆನಪಾದದ್ದು ಆಗ. ಅಷ್ಟು ವರ್ಷ ಎದುರಿಗೆ ಕೂತು ತಿಕ್ಕಿದವಳ ಕೈಯಲ್ಲಿ ಯಾವ ಎಣ್ಣೆ ಇತ್ತೆಂದು ನೆನಪಿಸಿಕೊಳ್ಳಲು ನನಗೆ ಎಂಟು ತಿಂಗಳು ಬೇಕಾಯಿತು. ಆಲಮೇಲದ ಗಾಣದಿಂದ ಅಗಸಿ ಎಣ್ಣೆ ತಂದು, ಕಟ್ಟಿಗೆ ಹೊಟ್ಟೆತುಂಬ ಕುಡಿಯಲಿ ಎಂದು ಧಾರಾಳವಾಗಿ ಸುರಿದೆ. ಅದು ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತು. ಮುಟ್ಟಿದರೆ ಬೆರಳಿನ ಗುರುತು ಹಾಗೇ ಉಳಿಯುತ್ತಿತ್ತು. ಅಂಥ ಒಂದು ಲಟ್ಟಣಿಗೆಯನ್ನು ಪೇಪರಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಸಿಂದಗಿ ಬಿಡುವಾಗ ಅಕ್ಕನಿಗೆ ಹೇಳಲು ನಾಲ್ಕು ಮಾತು ಜೋಡಿಸಿಕೊಂಡಿದ್ದೆ: ತಪ್ಪಾತು, ಹಂಗ ಅನ್ನಬಾರದಿತ್ತು, ಹೊಳಪು ನಿಂದ, ಮನಿಗೆ ಬಾ. ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸುವಾಗ ಎರಡು ಉಳಿದಿದ್ದವು. ಮುದ್ದೇಬಿಹಾಳದಲ್ಲಿ ಇಳಿದಾಗ ಕೈಯಲ್ಲಿ ಲಟ್ಟಣಿಗೆ ಮಾತ್ರ ಇತ್ತು.

ಅಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಇದಕ್ಕೇನು ಮಾಡೀಯೋ ಮಲ್ಲ್ಯಾ, ಪಾಪ?”

“ಎಣ್ಣಿ ಹಚ್ಚೀನಿ.”

“ಎಣ್ಣಿ ಹಚ್ಚಿಲ್ಲ, ಸಾರಿನ್ಯಾಗ ಅದ್ದೀದಿ.” ಆಮೇಲೆ ಲಟ್ಟಣಿಗೆ ಕೆಳಗಿಟ್ಟು ನನ್ನ ಮುಖ ನೋಡಿದಳು. “ಇಷ್ಟು ದೂರ ಇದನ್ನ ಕೇಳಾಕ ಬಂದೀಯೇನು?”

ಹೇಳಬೇಕಾದ ಜಾಗ ಅದೇ ಆಗಿತ್ತು. “ಹೂಂ,” ಎಂದೆ, “ಎಣ್ಣಿ ಕೇಳಾಕ.”

ಅವಳು ನನ್ನ ತಾಟಿಗೆ ರೊಟ್ಟಿ ಹಾಕಿ, ಎಲ್ಲವನ್ನೂ ಹೇಳಿದಳು. ಏನನ್ನೂ ಮುಚ್ಚಿಡಲಿಲ್ಲ. ಅಗಸಿ ಎಣ್ಣೆಯನ್ನು ಗಾಜಿನ ಭರಣಿಗೆ ಹಾಕಿ, ಬಾಯಿಗೆ ಅರಿವೆ ಕಟ್ಟಿ, ಜೇನಿನ ಹಾಗೆ ಮಂದವಾಗುವ ತನಕ ಮಾಳಿಗೆಯ ಬಿಸಿಲಿಗಿಡಬೇಕು. ಬಳಸುವಾಗ ಚೂರು ಜೇನುಮೇಣ ಹಾಕಿ ಉಗುರುಬೆಚ್ಚಗೆ ಮಾಡಿ, ಹಚ್ಚಿಯೂ ಹಚ್ಚದ ಹಾಗೆ ಸವರಬೇಕು. ಸ್ವಲ್ಪ ಹೊತ್ತು ಬಿಟ್ಟು, ಹಚ್ಚಿದ್ದನ್ನೆಲ್ಲ ಒರಸಿ ತೆಗೆಯಬೇಕು. ಮೂರು ದಿನ ಒಣಗಿಸಿ ಮತ್ತೆ ಸವರಬೇಕು, ಮತ್ತೆ ಒರಸಬೇಕು. ಹೀಗೆ ನಾಲ್ಕು ಸಲ. “ಹಚ್ಚೂದು ಕೆಲಸಲ್ಲೋ ತಮ್ಮಾ, ಒರಸೂದು ಕೆಲಸ,” ಎಂದಳು. ರೊಟ್ಟಿ ತಿಂದು ಮುಗಿಸುವಷ್ಟರಲ್ಲಿ ಅವಳ ಅಷ್ಟು ವರ್ಷದ ಕೆಲಸ ನನ್ನ ಕಿವಿಗೆ ಬಿದ್ದಾಗಿತ್ತು; ಇನ್ನು ಕೂತಿರಲು ನನಗೆ ನೆಪವಿರಲಿಲ್ಲ. ಸಂಜೆಯ ಬಸ್ಸಿಗೆ ಒಬ್ಬನೇ ವಾಪಸಾದೆ.

ಈಗ ಭರಣಿ ಮಾಳಿಗೆಯ ಮೇಲಿದೆ, ಎಣ್ಣೆ ಮಂದವಾಗಿದೆ. ನಿನ್ನೆ ಅಕ್ಕನಿಗೆ ಫೋನ್ ಮಾಡಿ, ಒರಸುವ ಅರಿವೆ ಹತ್ತಿಯದೇ ಆಗಬೇಕೇ ಎಂದು ಕೇಳಿದೆ. ಹತ್ತಿಯದೇ ಎಂದಳು. ಹಳೆಯದೋ, ಹೊಸದೋ ಎಂದೆ. ಹಳೆಯದು ಎಂದಳು.

“ಎಣ್ಣಿ ಕೇಳೂದು ಮುಗೀತೇನು?”

“ಮುಗೀತಕ್ಕಾ.”

“ಮತ್ತೇನರ ಹೇಳೂದೈತಿ?”

ಮಾತು ನಾಲಿಗೆಯ ತುದಿಗೆ ಬಂದಿತ್ತು. “ಮತ್ತ... ಜೇನುಮೇಣ ಎಲ್ಲಿ ಸಿಗತೈತಿ?”

ಅಕ್ಕ ನಿಧಾನವಾಗಿ ಹೇಳಿದಳು. ಹೊರಗ ಬಾ, ಬೇವಿನ ಗಿಡ ದಾಟು, ತಲಿ ಎತ್ತಿ ನೋಡು, ನೀಲಿ ಬಾಗಿಲದ ಅಂಗಡಿ. ನಾನು ಹೂಂ, ಹೂಂ ಅನ್ನುತ್ತ ಒಂದೊಂದನ್ನೂ ಬರೆದುಕೊಂಡೆ. ಆ ಅಂಗಡಿ ನಮ್ಮ ಮನೆಯ ಎದುರಿಗೇ ಇದೆ. ಲೇತಿನ ಮುಂದೆ ಕೂತರೆ ಕಾಣುತ್ತದೆ. ಅದು ಅಕ್ಕನಿಗೂ ಗೊತ್ತು.