ಯಾರು ಕೇಳಿದರೂ ಓಟಿಪಿ ಹೇಳಬೇಡಿ

ಬುದ್ಧಿ ಹೇಳುವುದರಲ್ಲಿ ಒಂದು ಸುಖವಿದೆ. ಕೇಳಿಸಿಕೊಳ್ಳುವವರಿಗೆ ಅದರಲ್ಲಿ ಪಾಲಿಲ್ಲದ ಕಾರಣ ಅಷ್ಟೂ ಸುಖ ಹೇಳುವವನಿಗೇ ಉಳಿಯುತ್ತದೆ. ನಾನು ಬ್ಯಾಂಕ್ ಮ್ಯಾನೇಜರನಾಗಿದ್ದು ನಿವೃತ್ತಿಯಾಗಿ ಶ್ರೀನಿವಾಸಪುರದಲ್ಲಿ ಮನೆ ಮಾಡಿಕೊಂಡವನು. ಮೇಜಿನ ಆಚೆ ಬದಿಯಲ್ಲಿ ಯಾರಾದರೂ ನಿಂತಿರದಿದ್ದರೆ ನನಗೆ ಮಾತೇ ಹೊರಡುವುದಿಲ್ಲವೆಂಬುದು ನಿವೃತ್ತಿಯಾದ ಹೊಸತರಲ್ಲೇ ಗೊತ್ತಾಯಿತು. ಹಾಗೆ ಬಾಯಿ ಕಟ್ಟಿಕೊಂಡು ಕುಳಿತಿದ್ದಾಗ, ಹಳ್ಳಿಗಳಿಗೆ ಹೋಗಿ ಮೊಬೈಲ್ ಮೋಸದ ಬಗ್ಗೆ ಜನರಿಗೆ ತಿಳಿವಳಿಕೆ ಕೊಡುವ ಕೆಲಸ ತಾನಾಗಿ ಒದಗಿಬಂತು. ಯಾವ ಊರಿಗೆ ಹೋದರೂ ಹಾಲಿನ ಡೇರಿಯ ಮುಂದೆ ಒಂದು ಕುರ್ಚಿ, ಒಂದು ಮೈಕು, ಕೊನೆಗೊಂದು ಶಾಲು. ಹಾಲು ಹಾಕಲು ಬಂದವರು ಕ್ಯಾನು ಕೆಳಗಿಟ್ಟು ಕೇಳುತ್ತಿದ್ದರು. "ಓಟಿಪಿ ಯಾರಿಗೂ ಹೇಳಬೇಡಿ. ಮಗ ಕೇಳಿದರೂ ಹೇಳಬೇಡಿ, ಅಳಿಯ ಕೇಳಿದರಂತೂ ಹೇಳಲೇಬೇಡಿ. ಅಷ್ಟೇಕೆ, ನಾಳೆ ನಾನೇ ಬಂದು ಕಾಲು ಹಿಡಿದು ಕೇಳಿದರೂ ಹೇಳಬೇಡಿ" ಎಂದು ನಾನು ಗುಡುಗಿದರೆ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ಪ್ರತಿ ಭಾಷಣದ ಫೋಟೋವನ್ನೂ ನನ್ನ ಸೋಷಿಯಲ್ ಮೀಡಿಯಾ ಖಾತೆಗೆ ಹಾಕುತ್ತಿದ್ದೆ. ಲೈಕುಗಳು ಬೀಳುತ್ತಿದ್ದವು. ಒಟ್ಟಿನಲ್ಲಿ ನೆಮ್ಮದಿಯಾಗಿದ್ದೆ.

ಆ ಖಾತೆಯೇ ಒಂದು ಬೆಳಿಗ್ಗೆ ಕಳುವಾಯಿತು. ಹೇಗಾಯಿತೆಂದು ಕೇಳಿದವರಿಗೆಲ್ಲ "ಏನೋ ಟೆಕ್ನಿಕಲ್ ಪ್ರಾಬ್ಲಮ್" ಎಂದು ಹೇಳಿ ಮಾತು ತಿರುಗಿಸಿದ್ದೇನೆ. ನಿಮ್ಮ ಹತ್ತಿರ ಮುಚ್ಚಿಡುವುದೇನು. ಹಳೆಯ ಸಹೋದ್ಯೋಗಿಯೊಬ್ಬರ ಹೆಸರಿನಲ್ಲಿ ಮೆಸೇಜು ಬಂದಿತ್ತು. ಮೊಮ್ಮಗಳು ಚಿತ್ರ ಬರೆಯುವ ಸ್ಪರ್ಧೆಯಲ್ಲಿ ಕೊನೆಯ ಸುತ್ತಿಗೆ ಬಂದಿದ್ದಾಳೆ, ಈ ಲಿಂಕು ಒತ್ತಿ ಒಂದು ಓಟು ಹಾಕಿ ಎಂದು. ನವಿಲಿನ ಚಿತ್ರ. ಕಾಲು ಸರಿಯಾಗಿ ಬಂದಿರಲಿಲ್ಲ. ಆದರೂ ಮಗು, ಪಾಪ ಎಂದುಕೊಂಡು ಒತ್ತಿದೆ. ಓಟು ಹಾಕುವ ಮುಂಚೆ ಪಾಸ್‌ವರ್ಡ್ ಹಾಕಿ ಎಂದಿತು. ಹಾಕಿದೆ. ಇಂಥ ಲಿಂಕುಗಳ ಮೇಲೆ ನನ್ನ ಭಾಷಣದಲ್ಲಿ ಪ್ರತ್ಯೇಕ ಭಾಗವೇ ಇದೆ, ಅದನ್ನು ಹೇಳುವಾಗ ನಾನು ಸ್ವಲ್ಪ ಧ್ವನಿ ತಗ್ಗಿಸಿ ನಾಟಕೀಯವಾಗಿ ಹೇಳುತ್ತೇನೆ. ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ನನ್ನ ಖಾತೆ ನನ್ನನ್ನೇ ಹೊರಗೆ ತಳ್ಳಿ ಬಾಗಿಲು ಹಾಕಿಕೊಂಡಿತ್ತು.

ನನ್ನ ಹೆಂಡತಿ ಸರೋಜಳ ಫೋನಿನಲ್ಲಿ ನೋಡಿದೆವು. ಶಾಲು, ಹಾರ, ಪೇಟ ಹಾಕಿಕೊಂಡು ನಗುತ್ತಿರುವ ನನ್ನ ಫೋಟೋ. ಅದರ ಕೆಳಗೆ, 'ಈ ಸ್ಕೀಮಿನಲ್ಲಿ ತೊಡಗಿಸಿದ ನನ್ನ ಹಣ ದುಪ್ಪಟ್ಟಾಗಿದೆ, ಇಂದೇ ಕೊನೆಯ ದಿನ, ನನ್ನಲ್ಲಿ ವಿಶ್ವಾಸವಿರುವ ಆತ್ಮೀಯರು ಸದುಪಯೋಗ ಪಡೆದುಕೊಳ್ಳಿ' ಎಂಬ ಬರಹ, ಹಣ ಕಟ್ಟಬೇಕಾದ ಖಾತೆಯ ವಿವರ. ಕಳ್ಳನ ಕನ್ನಡ ನನ್ನದಕ್ಕಿಂತ ಚೆನ್ನಾಗಿತ್ತು. ಅಭಿನಂದನೆ ಹೇಳಿದವರೇ ಹೇಳಿದವರು. ಅವರ ನಡುವೆ ನಾರಾಯಣಸ್ವಾಮಿಯ ಮಾತು ಕಂಡಿತು: 'ನೀವು ಹೇಳಿದ ಮೇಲೆ ಯೋಚನೆ ಏನು ಸಾರ್. ನಂದೂ ಹಾಕ್ತೀನಿ. ಊಟದ ಹೊತ್ತಿಗೆ ಬ್ಯಾಂಕಿಗೆ ಹೋಗ್ತೀನಿ.' ನಾರಾಯಣಸ್ವಾಮಿ ನಮ್ಮ ಬ್ರಾಂಚಿನಲ್ಲಿ ಅಟೆಂಡರ್ ಆಗಿದ್ದವನು, ನನ್ನ ಹಿಂದೆಯೇ ನಿವೃತ್ತನಾದವನು. ಬಂದ ಇಡುಗಂಟನ್ನು ಕಿರಿಯ ಮಗಳ ಮದುವೆಗೆಂದು ಮುಟ್ಟದೆ ಇಟ್ಟಿದ್ದಾನೆ. ಅದು ಬಿಟ್ಟರೆ ಅವನ ಹತ್ತಿರ ಇನ್ನೇನೂ ಇಲ್ಲ.

ಈಗವನು ಮಾಲೂರಿನಲ್ಲಿ ಹಿರಿಯ ಮಗಳ ಮನೆಯಲ್ಲಿದ್ದಾನೆ. ಅಳಿಯ ನರಸಾಪುರದ ಕಂಪನಿಗೆ ಶಿಫ್ಟಿನ ಮೇಲೆ ಹೋಗುತ್ತಾನೆ ಎಂಬಷ್ಟು ಗೊತ್ತು, ಬೀದಿ ಯಾವುದೆಂದು ಗೊತ್ತಿಲ್ಲ. ಫೋನು ಮಾಡಿದೆ. "ನಾರಾಯಣಸ್ವಾಮಿಯವರೇ, ಮನೆಯಲ್ಲಿ ಎಲ್ಲರೂ ಸೌಖ್ಯವೇ? ಮಗಳು ಹೇಗಿದ್ದಾಳೆ? ದಯವಿಟ್ಟು ನಾನು ಹೇಳುವುದನ್ನು ಒಂದು ನಿಮಿಷ ಕೇಳಿ" ಎಂದೆ. ಆ ಕಡೆಯಿಂದ, "ಏನ್ಲಾ, ಯಾವನ್ಲಾ ನೀನು? ನಮ್ ಸಾರು ಈಗಷ್ಟೇ ಬರ್ದವ್ರೆ, ಫೋನು ಕಳ್ತನ ಆಗೈತೆ, ಆ ನಂಬರಿಂದ ಯಾರು ಮಾಡಿದ್ರೂ ನಂಬಬೇಡಿ ಅಂತ" ಎಂದ. ನೋಡಿದರೆ ಆ ಕಳ್ಳ ಮಹಾನುಭಾವ ನನ್ನ ಹೆಸರಿನಲ್ಲಿ ಅದನ್ನೂ ಬರೆದಿದ್ದ. "ನನ್ನ ಧ್ವನಿ ಗೊತ್ತಾಗುವುದಿಲ್ಲವೇ?" ಎಂದು ಅಂಗಲಾಚಿದೆ. "ಧ್ವನೀನ ಮಿಷನ್ನಲ್ಲಿ ಮಾಡ್ತಾರೆ ಕಣೋ. ಅದ್ನೂ ನಮ್ ಸಾರೇ ಹೇಳ್ಕೊಟ್ಟವ್ರೆ" ಎಂದು ಇಟ್ಟುಬಿಟ್ಟ. ಆಮೇಲೆ ನನ್ನ ನಂಬರನ್ನೇ ಬ್ಲಾಕ್ ಮಾಡಿದನೇನೋ, ಕರೆ ಹೋಗಲೇ ಇಲ್ಲ. ಸರೋಜಳ ಫೋನಿನಿಂದ ಮಾಡಿದರೆ ಎತ್ತಲಿಲ್ಲ. ಗೊತ್ತಿಲ್ಲದ ನಂಬರು ಎತ್ತಬೇಡ ಎಂದು ಅವನಿಗೆ ಕಲಿಸಿದವನು ಇನ್ಯಾರು. ಮಾಲೂರಿನ ಬ್ರಾಂಚಿಗೆ ಮಾಡಿದೆ. ಅದು ಬಡಿದುಕೊಳ್ಳುತ್ತಲೇ ಇತ್ತು. ಬೈಯುವಂತೆಯೂ ಇರಲಿಲ್ಲ, ಕೌಂಟರಿನ ಮುಂದೆ ಜನ ಇರುವಾಗ ಫೋನು ಎತ್ತಕೂಡದೆಂದು ನಾನೂ ನನ್ನ ಕಾಲದಲ್ಲಿ ಆರ್ಡರ್ ಹಾಕಿದ್ದೆ. ಸೈಬರ್ ಠಾಣೆಯವರು ದೂರು ಬರೆದುಕೊಂಡರು, ಮೊದಲು ಖಾತೆ ವಾಪಸ್ ತಗೊಳ್ಳಿ ಎಂದರು. ನಾನೇ ಹೋಗೋಣವೆಂದರೆ ಶ್ರೀನಿವಾಸಪುರದಿಂದ ಮಾಲೂರು ಜಿಲ್ಲೆಯ ಆ ತುದಿ. ಬಸ್ಸು ಬದಲಾಯಿಸಿ ಮುಟ್ಟುವಷ್ಟರಲ್ಲಿ ಅವನ ಮಗಳ ಮದುವೆ ಯಾವನೋ ಕಳ್ಳನ ಜೇಬು ಸೇರಿರುತ್ತಿತ್ತು.

ಸರೋಜಳ ಖಾತೆಯಿಂದ ಎಚ್ಚರಿಕೆ ಬರೆದರೆ ಕಳ್ಳ ಆ ಕ್ಷಣವೇ ಅಳಿಸಿಹಾಕಿದ. ಉಳಿದದ್ದು ಒಂದೇ ದಾರಿ, ಅವನು ನಂಬುವ ಆ ಖಾತೆಯೊಳಗೆ ಮತ್ತೆ ಹೋಗುವುದು. ಮುಖ ತೋರಿಸಿ, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದಿತು ಫೋನು. ತಿರುಗಿದೆ. ನೀವು ಆ ವ್ಯಕ್ತಿಯಲ್ಲ ಎಂದಿತು. ಅದರ ತಪ್ಪೂ ಇಲ್ಲ, ಖಾತೆಯಲ್ಲಿರುವ ಫೋಟೋಗಳಲ್ಲೆಲ್ಲ ನನ್ನ ತಲೆಯ ಮೇಲೆ ಪೇಟವಿದೆ. ಪೇಟವಿಲ್ಲದ ತಲೆಯನ್ನು ನಾನು ಸಾರ್ವಜನಿಕರಿಗೆ ತೋರಿಸಿದವನಲ್ಲ. ಸರೋಜ ಅಟ್ಟದಿಂದ ನಿವೃತ್ತಿಯ ದಿನದ ಪೇಟ ಇಳಿಸಿ ತಂದು ಧೂಳು ಕೊಡವಿ ತಲೆಗಿಟ್ಟಳು. ಬನಿಯನ್ನು, ಪಂಚೆ, ಪೇಟ ಹಾಕಿಕೊಂಡು ಹಜಾರದ ಮಧ್ಯೆ ನಿಂತು ಮತ್ತೆ ಎಡಕ್ಕೆ ಬಲಕ್ಕೆ ತಿರುಗಿದೆ. "ನಗ್ರೀ, ಫೋಟೋದಲ್ಲೆಲ್ಲಾ ನಗ್ತಾ ಇದೀರ" ಎಂದಳು. ನಗು ಎಲ್ಲಿಂದ ಬರಬೇಕು. ಫೋನು ಮತ್ತೆ ಒಪ್ಪಲಿಲ್ಲ.

ಕೊನೆಗೆ, ಖಾತೆ ತೆರೆದಾಗ ಕೊಟ್ಟಿದ್ದ ನಂಬರಿಗೆ ಕೋಡು ಕಳಿಸಲೇ ಎಂದು ಕೇಳಿತು. ಆ ಖಾತೆ ತೆರೆದುಕೊಟ್ಟವನು ಮುಳಬಾಗಿಲಿನ ಒಬ್ಬ ಮೊಬೈಲ್ ಅಂಗಡಿಯವನು, ನಾನಾಗ ಅಲ್ಲಿನ ಬ್ರಾಂಚಿನಲ್ಲಿದ್ದೆ. ನಮ್ಮ ಕಡೆ ಫೋನು ಕೊಂಡರೆ ಖಾತೆಗಳನ್ನೆಲ್ಲ ಅಂಗಡಿಯವನೇ ತೆರೆದು, ಹೊಸ ಬಟ್ಟೆಗೆ ಅರಿಶಿನ ಹಚ್ಚಿಕೊಟ್ಟ ಹಾಗೆ ಕೈಗಿಡುತ್ತಾನೆ. ಅವನು ಹಾಕಿದ್ದು ನನ್ನ ಆಗಿನ ನಂಬರು. ವರ್ಗವಾದ ಮೇಲೆ ಹೊಸ ಸಿಮ್ಮು ತೆಗೆದುಕೊಂಡು ಅದನ್ನು ರೀಚಾರ್ಜ್ ಮಾಡದೆ ಬಿಟ್ಟಿದ್ದೆ. ಈಗ ಅದು ಯಾರದ್ದೋ. ನನ್ನದೇ ಹಳೆಯ ನಂಬರಿಗೆ ನಾನೇ ಫೋನು ಮಾಡಿದೆ.

"ಎವುರು ಮಾಟ್ಲಾಡೇದಿ?" ಎಂದು ವಯಸ್ಸಾದ ಹೆಂಗಸೊಬ್ಬಳು ತೆಲುಗಿನಲ್ಲಿ ಯಾರು ಮಾತಾಡುವುದೆಂದು ಕೇಳಿದಳು. ಕನ್ನಡದಲ್ಲಿ ಪರಿಚಯ ಹೇಳಿಕೊಂಡೆ. ಅವಳು ಗೌನಿಪಲ್ಲಿಯ ಚೌಡಮ್ಮ. ಡೇರಿಯ ಹಿಂದೆಯೇ ಇರುವ ಮಾವಿನ ತೋಟದಲ್ಲಿ ಕಾಯಿ ಕೀಳಿಸುತ್ತಿದ್ದೇನೆ ಎಂದಳು. ಇದು ಹಿಂದೆ ನನ್ನ ನಂಬರಾಗಿತ್ತು ಎಂದು ಹೇಳಿದ್ದೇ ತಡ, "ಓ, ನೀವೇನಾ ಆ ಮ್ಯಾನೇಜರು? ದಿನಾ ಫೋನು ನಾಯನಾ, ಸಾರ್ ಇದಾರಾ, ಲೋನು ಆಯ್ತಾ ಅಂತ. ಹೇಳಿ ಹೇಳಿ ಸಾಕಾಗಿ ಸತ್ತೋದ್ರು ಅಂದ್ಬುಟ್ಟೆ. ಆಮೇಕೆ ನಿಂತೋಯ್ತು" ಎಂದಳು. ಮುಳಬಾಗಿಲಿನ ಕಡೆ ಕೆಲವರು ನನ್ನನ್ನು ಕಂಡಾಗ ಯಾಕೆ ಹಾಗೆ ದಿಟ್ಟಿಸುತ್ತಿದ್ದರು ಎಂಬುದು ಆಗ ತಿಳಿಯಿತು. ಅದನ್ನೆಲ್ಲ ಕೇಳುವ ಹೊತ್ತು ಅದಲ್ಲ. "ಅಮ್ಮಾ, ನಿಮ್ಮ ಫೋನಿಗೆ ಈಗೊಂದು ನಂಬರು ಬರುತ್ತೆ, ಅದನ್ನ ನನಗೆ ಹೇಳ್ಬಿಡಿ" ಎಂದೆ.

ಅವಳ ಧ್ವನಿಯಲ್ಲಿದ್ದ ನಯವೆಲ್ಲ ಆ ಕ್ಷಣವೇ ಇಂಗಿತು. "ಅದು ಹೇಳಲ್ಲ. ನಮ್ಮೂರ ಡೇರಿ ಹತ್ರ ಒಬ್ಬ ಸಾರು ಬಂದು ಹೇಳವ್ರೆ."

"ಆ ಸಾರು ನಾನೇ ತಾಯೀ."

"ಕಳ್ರು ಹಂಗೇ ಅಂತಾರೆ ಅಂತಾನೂ ಹೇಳವ್ರೆ" ಎಂದು ಫೋನು ಇಟ್ಟಳು.

ಪೇಟ ಬಿಸಾಡಿ, ಅಂಗಿ ಸಿಕ್ಕಿಸಿಕೊಂಡು, ನಮ್ಮ ತಾಲ್ಲೂಕಿನದೇ ಆದ ಗೌನಿಪಲ್ಲಿಗೆಂದು ಸ್ಕೂಟರ್ ಹತ್ತಿದೆ. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ರಸ್ತೆ ಹೇಗಿರುತ್ತದೆಂದು ನೋಡಿದವರಿಗೇ ಗೊತ್ತು. ಮಂಡಿಗೆ ಬಂದ ಟ್ರಾಕ್ಟರುಗಳು, ಟೆಂಪೋಗಳು, ಹೊರಗಿನ ಲಾರಿಗಳು ಒಂದಕ್ಕೊಂದು ಮೂತಿ ತಗುಲಿಸಿಕೊಂಡು ನಿಂತಿದ್ದವು. ಹಾರ್ನು ಹೊಡೆದೆ, ಬೈದೆ, ಬೈಸಿಕೊಂಡೆ. ಸೂರ್ಯ ನೆತ್ತಿಯ ಕಡೆ ಸರಿಯುತ್ತಿದ್ದ. ನಾರಾಯಣಸ್ವಾಮಿ ಈಗ ಸ್ನಾನ ಮಾಡಿರುತ್ತಾನೆ, ಈಗ ಪಾಸ್‌ಬುಕ್ ಹುಡುಕುತ್ತಿರುತ್ತಾನೆ, ಈಗ ಚಪ್ಪಲಿ ಮೆಟ್ಟಿರುತ್ತಾನೆ ಎಂದು ಮನಸ್ಸು ಅವನ ಹಿಂದೆಯೇ ಓಡುತ್ತಿತ್ತು. ಅವನ ದುಡ್ಡು ಹೋದರೆ ನಾನು ಯಾವ ಮುಖ ಹೊತ್ತುಕೊಂಡು ಬದುಕಲಿ ಎಂದು ನಿಜವಾಗಿಯೂ ಹೆದರಿದ್ದೆ. ಅಷ್ಟು ಹೆದರಿಕೆ ನನಗೆ ಆಡಿಟ್ಟಿನಲ್ಲೂ ಆಗಿರಲಿಲ್ಲ.

ತೋಟದಲ್ಲಿ ಚೌಡಮ್ಮ ಮರದ ಬುಡದಲ್ಲಿ ಕೂತು ಕ್ರೇಟುಗಳಿಗೆ ಕಾಯಿ ಆರಿಸಿ ತುಂಬುತ್ತಿದ್ದಳು. ತಲೆಯಿಂದ ಕಾಲಿನವರೆಗೆ ನೋಡಿದಳು. "ಔದು, ಆ ಸಾರೇ. ಕೂಗಾಡಿದ್ರಲ್ಲ" ಎಂದು ಒಪ್ಪಿಕೊಂಡಳು. ನನಗೆ ಹೋದ ಜೀವ ಬಂದಂತಾಯಿತು. ಕೋಡು ಕಳಿಸು ಎಂದು ಒತ್ತಿದೆ. ಅವಳ ಮಡಿಲಲ್ಲಿದ್ದ ಕೀಪ್ಯಾಡ್ ಫೋನು ಕಿಣಿಕಿಣಿ ಎಂದಿತು. ತೆಗೆದು ನೋಡಿ, ಮತ್ತೆ ಮಡಿಲಿಗೇ ಹಾಕಿಕೊಂಡಳು. "ನೀವೇ ಸಾರು ಅನ್ನೋದು ದಿಟ. ಆದ್ರೆ ನಾನೇ ಬಂದು ಕಾಲು ಹಿಡಿದ್ರೂ ಹೇಳಬೇಡಿ ಅಂದಿದ್ದೂ ದಿಟ ತಾನೆ?"

ನಾರಾಯಣಸ್ವಾಮಿಯ ವಿಷಯವನ್ನೆಲ್ಲ ಹೇಳಿದೆ. ಅವನ ಮಗಳ ಮದುವೆ, ಇಡುಗಂಟು, ಊಟದ ಹೊತ್ತು. ಕಾಲು ಹಿಡಿಯುವುದೊಂದು ಬಾಕಿ, ಬಗ್ಗಿದ್ದೂ ಆಯಿತು. ಚೌಡಮ್ಮ ಕಾಲು ಹಿಂದಕ್ಕೆ ಎಳೆದುಕೊಂಡು ಯೋಚಿಸಿದಳು. "ಹೆಣ್ಮಗು ಮದ್ವೆ ದುಡ್ಡಾ? ಹೇಳೋದು ಬ್ಯಾಡ ನಾಯನಾ. ನಿಮ್ ಫೋನು ಇಲ್ಲಿ ಕೊಡಿ, ನಾನೇ ಒತ್ತೀನಿ. ನೀವು ಆ ಕಡೆ ತಿರುಗಿ."

ತಿರುಗಿದೆ. ಶಾಲು ಹೊದೆಸಿದ್ದ ಊರಿನಲ್ಲಿ ಮಾವಿನ ಮರಕ್ಕೆ ಮುಖ ಮಾಡಿ ನಿಂತೆ. ಹಿಂದೆ ಅವಳು ಒಂದೊಂದೇ ಅಂಕಿಯನ್ನು ನೋಡಿ ಒಂದೊಂದನ್ನೇ ಒತ್ತುತ್ತಿದ್ದಳು. ಬೆರಳಿಗೆ ಮಾವಿನ ಸೊನೆ ಮೆತ್ತಿದ್ದರಿಂದ ನನ್ನ ಫೋನು ಅವಳ ಮಾತು ಕೇಳುತ್ತಿರಲಿಲ್ಲ. "ಒತ್ತಿದ್ರೂ ಬೀಳ್ತಿಲ್ಲ" ಎಂದಳು. ಸೀರೆಗೆ ಒರೆಸಿಕೊಳ್ಳಿ ಎಂದೆ. ಒರೆಸಿಕೊಂಡಳು. ಇನ್ನೇನು ಕೊನೆಯ ಅಂಕಿ ಎನ್ನುವಾಗ ಪರದೆ ಕಪ್ಪಾಯಿತು. ಬೆರಳೊತ್ತಿ ಬೆಳಕು ಬರಿಸಿಕೊಟ್ಟು ಮತ್ತೆ ಮರದ ಕಡೆ ತಿರುಗಿದೆ. ಕೋಡು ಹಳಸಿಹೋದರೆ ಇದೆಲ್ಲ ಮತ್ತೆ ಮೊದಲಿನಿಂದ. ನನ್ನ ಬೆವರು ಕತ್ತಿನಿಂದ ಇಳಿದು ಸೊಂಟದವರೆಗೆ ಬಂತು. "ಆತು ನೋಡಿ" ಎಂದಳು.

ಖಾತೆ ತೆರೆದಿತ್ತು. ಹೊಸ ಪಾಸ್‌ವರ್ಡ್ ಹಾಕಿ, ಕಳ್ಳನ ಬರಹ ಅಳಿಸಿ, ಆ ಖಾತೆಯಿಂದಲೇ ನಾರಾಯಣಸ್ವಾಮಿಗೆ ಕರೆ ಮಾಡಿದೆ. ಒಂದು ಸಲ ಪೂರ್ತಿ ಬಡಿದುಕೊಂಡು ನಿಂತಿತು. ಮತ್ತೆ ಮಾಡಿದೆ. "ಸಾರ್" ಎಂದ. ಆ ಮಾತು ಕೇಳಿದ್ದೇ ಬೆಳಗಿನಿಂದ ಕಟ್ಟಿಕೊಂಡಿದ್ದ ದಿಗಿಲೆಲ್ಲ ಸಿಟ್ಟಾಗಿ ನುಗ್ಗಿತು. "ಏನಯ್ಯಾ, ತಲೇಲಿ ಏನಿಟ್ಕೊಂಡಿದೀಯ, ಮಣ್ಣಾ? ಇಷ್ಟು ವರ್ಷ ಬ್ಯಾಂಕಲ್ಲಿ ಕತ್ತೆ ಕಾಯ್ತಿದ್ಯಾ? ದುಡ್ಡು ಕಟ್ಟಿದೀಯೋ ಇಲ್ವೋ, ಬೊಗಳು ಮೊದ್ಲು."

"ಇಲ್ಲ ಸಾರ್, ಕ್ಯೂನಲ್ಲಿದೀನಿ. ನನ್ ಮುಂದೆ ಇನ್ನೊಬ್ರು ಅವ್ರೆ."

ಆ ಸ್ಕೀಮು ಮೋಸ, ಬರೆದವನು ಕಳ್ಳ, ಚಲನ್ ಹರಿದುಹಾಕಿ ಮನೆಗೆ ನಡಿ ಎಂದು ಕೂಗಿದೆ. ಎದುರು ಪ್ರಶ್ನೆಯಿಲ್ಲದೆ ಹರಿದ. ಹರಿದ ಸದ್ದು ನನಗೂ ಕೇಳಿಸಿತು. ಖಾಲಿ ಕ್ರೇಟೊಂದನ್ನು ಬೋರಲು ಹಾಕಿಕೊಂಡು ಕೂತೆ. "ಅದ್ಸರಿ, ಈಗ ಹೇಗಯ್ಯಾ ನಂಬಿದೆ? ಬೆಳಿಗ್ಗೆ ಮಾಡಿದಾಗ ನಂಬಲಿಲ್ಲ" ಎಂದು ಕೇಳಿದೆ.

"ಬೆಳಿಗ್ಗೆ ಮಾಡಿದ್ದು ಆ ಕಳ್ಳ ಅಲ್ವಾ ಸಾರ್? ಧ್ವನಿ ಥೇಟ್ ನಿಮ್ದೇ ಇತ್ತು. ನಂಬೇಬಿಟ್ಟಿದ್ದೆ. ಆದ್ರೆ ಮನೇಲಿ ಸೌಖ್ಯವಾ ಅಂದ, ಮಗಳು ಹೇಗವ್ಳೆ ಅಂದ, ದಯವಿಟ್ಟು ಅಂದ. ಅವಾಗ್ಲೇ ಗೊತ್ತಾಗೋಯ್ತು, ಇದು ನಮ್ ಸಾರಲ್ಲ ಅಂತ. ಇವಾಗ ಬಾಯಿ ಬಿಟ್ಟಿದ್ದೇ ಗೊತ್ತಾಯ್ತು, ನೀವೇ ಅಂತ."

ಚೌಡಮ್ಮ ಒಂದು ಹಣ್ಣು ಆರಿಸಿ ಒರೆಸಿ ನನ್ನ ಕೈಗಿಟ್ಟಳು. ಫೋನು ಕಿವಿಯಲ್ಲೇ ಇತ್ತು. ಅವನ ಕಿರಿಯ ಮಗಳಿಗೆ ಎಲ್ಲಾದರೂ ಗಂಡು ಗೊತ್ತಾಯಿತೇ ಎಂದು ಕೇಳಬೇಕೆನಿಸಿತು, ನಿಜವಾಗಿ ಕೇಳಬೇಕೆನಿಸಿತು. ಕೇಳಿದರೆ ಇದೂ ಕಳ್ಳನ ಕರೆಯೇ ಇರಬೇಕೆಂದು ಅನುಮಾನಪಟ್ಟು ಮತ್ತೆ ಹೋಗಿ ಕ್ಯೂನಲ್ಲಿ ನಿಂತುಬಿಟ್ಟಾನು ಎಂದು ಹೆದರಿ, "ಸಾಕು, ಇಡಯ್ಯಾ ಫೋನು" ಎಂದು ಗದರಿಸಿದೆ.