ಹದಿನೇಳನೇ ನಂಬರಿನ ಎರಡು ಕೆನ್ನೆಗಳು

ವೈದ್ಯವಿಜ್ಞಾನಕ್ಕೆ ನನ್ನಿಂದ ಒಂದು ಕಾಣಿಕೆ ಸಲ್ಲಬೇಕಾಗಿತ್ತು. ಸಲ್ಲಿಸಲು ನಾನು ಮನಸಾರೆ ಸಿದ್ಧನಾಗಿದ್ದೆ. ಅದಕ್ಕೆ ಬೇಕಾದ ಸಾಮಗ್ರಿಯೂ ನನ್ನ ಮುಖದ ಮೇಲೆ ಧಾರಾಳವಾಗಿತ್ತು.

ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ನನಗೆ ಇಪ್ಪತ್ತೆಂಟು ವರ್ಷ. ಮೈಸೂರಿನ ದಟ್ಟಗಳ್ಳಿಯಲ್ಲಿ ಅವ್ವನ ಜೊತೆ ವಾಸ, ಖಾಸಗಿ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತಿಕೆ. ಹದಿನಾರಕ್ಕೆ ಬಂದು ಇಪ್ಪತ್ತಕ್ಕೆ ಹೊರಟುಹೋಗಬೇಕಾದ ಮೊಡವೆಗಳು ನನ್ನ ಮುಖದಲ್ಲಿ ಖಾಯಂ ಆಗಿದ್ದವು. ಕಾಲೇಜಿನಲ್ಲಿ ನಾನಿನ್ನೂ ಟೆಂಪರರಿ. ಆ ವೇಳೆಗೆ ಮೂರು ಕಡೆ ಹೆಣ್ಣು ನೋಡಿ ಬಂದಿದ್ದೆ. ಮೂರೂ ಕಡೆಯಿಂದ ಜಾತಕ ಕೂಡಲಿಲ್ಲ ಎಂಬ ಉತ್ತರ ಬಂತು. ಅದರಲ್ಲಿ ಒಂದು ಮನೆಯವರಿಗೆ ನಾವು ಜಾತಕವನ್ನೇ ಕೊಟ್ಟಿರಲಿಲ್ಲ.

ನಮ್ಮ ಹೆಡ್ ಕ್ಲರ್ಕಿಗೆ ಗಜಕರ್ಣವಾಗಿ, ಅವರಿಗೆ ಜೊತೆಯಾಗಿ ಒಂದು ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋದಾಗ ಗೋಡೆಯ ಮೇಲೆ ಆ ಪ್ರಕಟಣೆ ಕಂಡಿತು. ಮುಖದ ಮೊಡವೆಗೆ ಹೊಸ ಮುಲಾಮಿನ ಪರೀಕ್ಷೆ ನಡೆಯಲಿದೆ. ಹದಿನೆಂಟರಿಂದ ಮೂವತ್ತು ವರ್ಷದೊಳಗಿನ, ಮೊಡವೆಯುಳ್ಳ ಸ್ವಯಂಸೇವಕರು ಬೇಕಾಗಿದ್ದಾರೆ. ಬದುಕಿನಲ್ಲಿ ಮೊದಲ ಬಾರಿಗೆ ನನ್ನ ಅರ್ಹತೆಗೆ ತಕ್ಕ ಕರೆ ಬಂದಿತ್ತು. ಹೆಡ್ ಕ್ಲರ್ಕರನ್ನು ಬೆಂಚಿನ ಮೇಲೆ ಕೂರಿಸಿ ಒಳಗೆ ನುಗ್ಗಿದೆ. ಡಾಕ್ಟರು ತಲೆಯೆತ್ತಿ ನನ್ನ ಮುಖ ನೋಡಿದವರು, ಏನು ಬಂದಿರಿ ಎಂದು ಕೇಳಲೇ ಇಲ್ಲ. ನೇರವಾಗಿ ಫಾರಂ ಕೊಟ್ಟರು.

ನಿಯಮಗಳನ್ನು ಅವರು ಬಿಡಿಸಿ ಹೇಳಿದರು. ಎರಡು ಟ್ಯೂಬು. ಒಂದರ ಮೇಲೆ 'ಎಡ', ಇನ್ನೊಂದರ ಮೇಲೆ 'ಬಲ' ಎಂಬ ಚೀಟಿ. ಎಡದ್ದು ಎಡಗೆನ್ನೆಗೆ, ಬಲದ್ದು ಬಲಗೆನ್ನೆಗೆ, ಎಂಟು ವಾರ. ಒಂದರಲ್ಲಿ ಔಷಧವಿದೆ, ಇನ್ನೊಂದು ಬರೀ ಮುಲಾಮು. ಬೇರೇನನ್ನೂ ಮುಖಕ್ಕೆ ಸೋಕಿಸಬಾರದು. ಔಷಧ ತಗುಲಿದರೆ ಬಟ್ಟೆಯ ಬಣ್ಣ ಹೋಗುತ್ತದೆ, ಹಾಗಾಗಿ ದಿಂಬು, ಟವೆಲು ಎಲ್ಲ ಬಿಳಿಯದೇ ಇರಬೇಕು. ಏನು ಹಚ್ಚಿದೆ, ಎಷ್ಟು ಹಚ್ಚಿದೆ ಎಂದು ದಿನವೂ ಡೈರಿಯಲ್ಲಿ ಬರೆಯಬೇಕು.

"ಯಾವುದರಲ್ಲಿ ಔಷಧ ಇದೆ ಸಾರ್?"

"ನನಗೂ ಗೊತ್ತಿಲ್ಲ," ಎಂದರು ಡಾಕ್ಟರು, ಬಹಳ ಸಂತೋಷದಿಂದ.

ಈ ಮಾತನ್ನು ಮನೆಗೆ ಬಂದು ಹೇಳಿದ್ದು ನನ್ನ ಮೊದಲ ತಪ್ಪು. ಅವ್ವ ಅವರೆಕಾಳು ಇದುಕುತ್ತಿದ್ದವಳು ಕೈಬಿಟ್ಟು ನನ್ನನ್ನೇ ನೋಡಿದಳು.

"ಡಾಕ್ಟ್ರಿಗೇ ಗೊತ್ತಿಲ್ವಾ?"

"ಗೊತ್ತಿರಬಾರದಂತೆ ಅವ್ವ. ಅದೇ ಪದ್ಧತಿ."

"ಗೊತ್ತಿಲ್ದಿರೋನ ಹತ್ರ ಯಾಕೋ ಹೋದೆ? ನಂಗೂ ಗೊತ್ತಿಲ್ಲ, ಪಕ್ಕದ್ಮನೆ ಜಯಕ್ಕಂಗೂ ಗೊತ್ತಿಲ್ಲ. ಇಲ್ಲೇ ತೋರಿಸ್ಕೊಬೋದಿತ್ತಲ್ಲ."



ಪರೀಕ್ಷೆಯಲ್ಲಿ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ನಂಬರು ಮಾತ್ರ. ನಾನು ಹದಿನೇಳು. ಎರಡು ವಾರಕ್ಕೊಮ್ಮೆ ಹೋಗಿ ಒಂದು ಸ್ಟೂಲಿನ ಮೇಲೆ ಕೂತರೆ, ಮಾಸ್ಕು ಮತ್ತು ಟೋಪಿ ಹಾಕಿದ ಹುಡುಗಿಯೊಬ್ಬಳು ಭೂತಗನ್ನಡಿ ಹಿಡಿದು ನನ್ನ ಮೊಡವೆಗಳನ್ನು ಒಂದೊಂದಾಗಿ ಎಣಿಸುತ್ತಿದ್ದಳು. "ಎಡ ಮೂವತ್ತೊಂದು. ಬಲ ಮೂವತ್ತನಾಲ್ಕು. ಉಸಿರು ಬಿಡಬಹುದು ನೀವು." ಕಾಣುತ್ತಿದ್ದುದು ಎರಡು ಕಣ್ಣು ಮಾತ್ರ. ಅಷ್ಟು ಹತ್ತಿರದಿಂದ ಯಾವ ಹೆಣ್ಣೂ ನನ್ನನ್ನು ನೋಡಿರಲಿಲ್ಲ. ಭೂತಗನ್ನಡಿಯಲ್ಲಿ ನೋಡುತ್ತಿದ್ದಳು ಎಂಬುದು ಬೇರೆ ಮಾತು.

"ಒಂದು ದಿವಸ ಹಚ್ಚೋದು ಮರೆತರೆ, ಮರೆತೆ ಅಂತಲೇ ಬರೀರಿ," ಎಂದಿದ್ದಳು ಮೊದಲ ದಿನ. "ಯಾರೂ ಬಯ್ಯಲ್ಲ. ಸುಳ್ಳು ಮಾತ್ರ ಬರೀಬೇಡಿ. ಇದನ್ನ ನಂಬ್ಕೊಂಡು ನಾಳೆ ಬೇರೆಯವರ ಮುಖಕ್ಕೆ ಔಷಧಿ ಕೊಡ್ತಾರೆ." ನಾನು ತಲೆಯಾಡಿಸಿದೆ. 'ಮೇಲಿನ ಸಂಗತಿಗಳು ಸತ್ಯವೆಂದು ಪ್ರಮಾಣೀಕರಿಸುತ್ತೇನೆ' ಎಂದು ದಿನವೂ ವಿದ್ಯಾರ್ಥಿಗಳಿಂದ ಬರೆಸಿಕೊಳ್ಳುವುದೇ ನನ್ನ ಉದ್ಯೋಗ. ನನಗೆ ಹೇಳಬೇಕೆ?

ಎರಡು ವಾರ ಕಳೆಯುವಷ್ಟರಲ್ಲಿ ಬಲಗೆನ್ನೆ ಕೆಂಪಗಾಗಿ ಸಿಪ್ಪೆ ಏಳತೊಡಗಿತು. ಎಡಗೆನ್ನೆ ತನ್ನ ಮೊಡವೆಗಳನ್ನು ಇಟ್ಟುಕೊಂಡು ಸುಮ್ಮನಿತ್ತು. ಮೊದಮೊದಲು ಹೀಗಾಗಬಹುದು, ನಿಲ್ಲಿಸಬೇಡಿ ಎಂದರು ಡಾಕ್ಟರು. ಅವ್ವ ಬೇರೆಯೇ ತೀರ್ಪು ಕೊಟ್ಟಳು.

"ಬಲಗಡೇದು ಉಷ್ಣ ಕಣೋ. ಎಡಗಡೇದು ತಂಪು. ತಂಪಾಗಿರೋದೇ ಔಸ್ದಿ. ಇನ್ನೊಂದು ಏನೋ ಸುಮ್ನೆ ಸುಣ್ಣ ಗಿಣ್ಣ ತುಂಬವ್ರೆ."

ನಮ್ಮ ಮನೆಯಲ್ಲಿ ಪ್ರಪಂಚವೆಲ್ಲ ಎರಡೇ ಭಾಗ. ಪರಂಗಿಹಣ್ಣು ಉಷ್ಣ, ಎಳನೀರು ತಂಪು. ಮೊಟ್ಟೆಕೋಸು ಯಾವ ಕಡೆ ಎಂಬ ಬಗ್ಗೆ ಮಾತ್ರ ಅವ್ವನಿಗೂ ಜಯಕ್ಕನಿಗೂ ಭಿನ್ನಾಭಿಪ್ರಾಯವಿತ್ತು. ಇಂಥ ಮನೆಯಲ್ಲಿ ಬೆಳೆದವನಿಗೆ ಅವ್ವನ ಮಾತು ಸರಿಯೆಂದೇ ಕಂಡಿತು.

ಆದರೂ ನಾನು ನಿಯಮ ಮುರಿಯುತ್ತಿರಲಿಲ್ಲವೇನೋ. ಅದೇ ವಾರ ರುದ್ರಪ್ಪ ಮಾವ ಸಂಬಂಧವೊಂದನ್ನು ತಂದುಬಿಟ್ಟರು. ವಿಜಯನಗರದ ಮನೆ, ತಂದೆ ನಿವೃತ್ತ ಹೆಡ್‌ಮಾಸ್ಟರು, ಒಬ್ಬಳೇ ಮಗಳು ಶೈಲಜಾ, ಬಿ.ಎಸ್ಸಿ. ಓದಿ ಯಾವುದೋ ಆಸ್ಪತ್ರೆಯಲ್ಲಿ ಏನೋ ಕೆಲಸ. ಫೋಟೋ ಕಳಿಸುವ ಅಭ್ಯಾಸ ಅವರಿಗಿಲ್ಲ, ಮುಂದಿನ ತಿಂಗಳು ಒಂದು ಭಾನುವಾರ ನೇರವಾಗಿ ಬಂದು ನೋಡಿ ಎಂದಿದ್ದಾರೆ. "ಇದೂ ತಪ್ಪಿದ್ರೆ ನನ್ನ ಕೇಳ್ಬೇಡ ಕಣಯ್ಯ," ಎಂದು ಮಾವ ಕಡ್ಡಿ ಮುರಿದಂತೆ ಹೇಳಿದರು. "ನನ್ನ ಹತ್ರ ಇನ್ನು ಮನೆಗಳಿಲ್ಲ."

ಅವತ್ತಿನಿಂದ ಎಡದ ಟ್ಯೂಬು ಎರಡೂ ಕೆನ್ನೆಗೆ. ಅದರ ಮೇಲೆ ಅವ್ವನ ಹಸಿ ಅರಿಸಿನ, ಆಸ್ಪತ್ರೆಗೆ ಹೋಗುವ ಹಿಂದಿನ ದಿನಗಳನ್ನು ಬಿಟ್ಟು. ಡೈರಿಯಲ್ಲಿ ಮಾತ್ರ 'ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ, ಬೇರೇನೂ ಹಚ್ಚಿಲ್ಲ' ಎಂದು ವಾರಕ್ಕೊಮ್ಮೆ ಕೂತು ಏಳು ದಿನದ್ದನ್ನು ದುಂಡಗೆ ಬರೆದು, ಕೆಳಗೆ ಅಡ್ಡಗೆರೆ ಎಳೆದೆ. ಬಲದ ಟ್ಯೂಬು ತುಂಬಿಕೊಂಡೇ ಇದ್ದರೆ ಆಸ್ಪತ್ರೆಯಲ್ಲಿ ಅನುಮಾನ ಬರುತ್ತದಲ್ಲ? ಅವರು ಟ್ಯೂಬನ್ನು ತೂಕ ಹಾಕುತ್ತಿದ್ದರು. ಚೆಲ್ಲಲು ಅವ್ವನಿಗೆ ಮನಸ್ಸು ಬರಲಿಲ್ಲ. ಜಯಕ್ಕನ ಹಿಮ್ಮಡಿ ಒಡೆದಿತ್ತು. ಅಲ್ಲಿಗೆ ಹೋಯಿತು ಬಲದ ಟ್ಯೂಬು.

ನಾಲ್ಕನೇ ವಾರ ಆಸ್ಪತ್ರೆಯಲ್ಲಿ ಆ ಹುಡುಗಿ ಡೈರಿ ತಿರುವಿ, "ಎಷ್ಟು ನೀಟಾಗಿ ಬರೆದಿದ್ದೀರ! ಬೇರೆಯವರಿಗೆಲ್ಲ ನಿಮ್ಮದನ್ನೇ ತೋರಿಸ್ತೀನಿ, ಹೀಗೆ ಬರೀಬೇಕು ಅಂತ," ಎಂದಳು. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು. ಇದನ್ನು ಹೇಳಿಕೊಳ್ಳಲು ಈಗಲೂ ಮುಜುಗರ.

ಹೆಣ್ಣು ನೋಡುವ ಭಾನುವಾರಕ್ಕೆ ಮೂರು ದಿನ ಮುಂಚೆ ಜಯಕ್ಕ ಒಂದು ಬೆಡ್‌ಶೀಟು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಮಗಳು ಸೊಲ್ಲಾಪುರದಿಂದ ತಂದುಕೊಟ್ಟ ಮೆರೂನ್ ಬಣ್ಣದ್ದು. ಕಾಲು ಇಡುವ ಕಡೆ ಬೆಳ್ಳಗೆ ಎರಡು ದೊಡ್ಡ ಮಚ್ಚೆ.

"ಏನ್ ಕೊಟ್ಬುಟ್ರಮ್ಮ ನೀವು? ಕಾಲು ಉರಿ ಅಂದ್ರೆ ಉರಿ. ಬೆಡ್‌ಶೀಟ್ ನೋಡಿ ಎಂಗಾಗದೆ."

ಅವ್ವ ಬೆಡ್‌ಶೀಟು ನೋಡಿದಳು. ನಾನು ನೋಡಿದೆ.  ಔಷಧ ತಗುಲಿದರೆ ಬಣ್ಣ ಹೋಗುತ್ತದೆ! ಔಷಧ ಇದ್ದದ್ದು ಬಲದ ಟ್ಯೂಬಿನಲ್ಲಿ. ನಾಲ್ಕು ವಾರದಿಂದ ನಾನು ಎರಡೂ ಕೆನ್ನೆಗೆ ಭಕ್ತಿಯಿಂದ ಬಳಿದುಕೊಂಡದ್ದು ಬರೀ ಮುಲಾಮು. ಮೈಸೂರಿನಲ್ಲಿ ಆ ಹೊಸ ಔಷಧದ ಪೂರ್ಣ ಪ್ರಯೋಜನ ಪಡೆದದ್ದು ಅರವತ್ತು ವರ್ಷದ ಜಯಕ್ಕನ ಹಿಮ್ಮಡಿ ಮಾತ್ರ. ಅಲ್ಲಿ ಒಂದು ಮೊಡವೆಯೂ ಇರಲಿಲ್ಲ.

ಉಳಿದದ್ದು ಮೂರು ದಿನ. ಬುದ್ಧಿ ಇದ್ದವನು ಸುಮ್ಮನಿರುತ್ತಿದ್ದ. ನಾನು ಜಯಕ್ಕನಿಂದ ಟ್ಯೂಬು ವಾಪಸು ಇಸಕೊಂಡು, ಎಂಟು ವಾರದ ಕೆಲಸವನ್ನು ಮೂರು ದಿನದಲ್ಲಿ ಮುಗಿಸಲು ಹೊರಟೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ದೋಸೆಗೆ ಬೆಣ್ಣೆ ಸವರುವಂತೆ ಸವರಿದೆ. ಭಾನುವಾರ ಬೆಳಿಗ್ಗೆ ಕನ್ನಡಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದೆ. ಮುಖವೆಲ್ಲ ಕೆಂಡ, ಮೂಗಿನ ಪಕ್ಕ ಸಿಪ್ಪೆ, ಅರಿಸಿನದ ಹಳದಿ ಅಂಚು. ಮೊಡವೆಗಳು ಮಾತ್ರ ಇದ್ದಲ್ಲೇ ಇದ್ದವು.

"ಬುಡು, ಗಂಡು ಮಕ್ಕಳ ಮುಖ ಯಾರು ನೋಡ್ತಾರೆ," ಎಂದಳು ಅವ್ವ. ಅವಳ ದನಿಯಲ್ಲೂ ನಂಬಿಕೆ ಇರಲಿಲ್ಲ.

ವಿಜಯನಗರದ ಆ ಮನೆಯಲ್ಲಿ ನಾನು ಮೂಲೆಯ ಕತ್ತಲಿನ ಕುರ್ಚಿಯನ್ನು ಗುರುತಿಸಿಟ್ಟುಕೊಂಡು ಅತ್ತ ನಡೆದೆ. ರುದ್ರಪ್ಪ ಮಾವ ತೋಳು ಹಿಡಿದು ನಿಲ್ಲಿಸಿದರು. "ಗಂಡು ಪೂರ್ವಕ್ಕೆ ಮುಖ ಮಾಡ್ಕೊಂಡು ಕೂರ್ಬೇಕು ಕಣಯ್ಯ." ಪೂರ್ವಕ್ಕೆ ಇದ್ದದ್ದು ಆಳೆತ್ತರದ ಕಿಟಕಿ. ಹತ್ತು ಗಂಟೆಯ ಬಿಸಿಲು ನೇರವಾಗಿ ನನ್ನ ಮುಖದ ಮೇಲೆ ಬಿತ್ತು. ಹೆಡ್‌ಮಾಸ್ಟರು ಒಮ್ಮೆ ನೋಡಿ, ಸೌಜನ್ಯದಿಂದ ಫ್ಯಾನು ಜೋರು ಮಾಡಿದರು.

ಹುಡುಗಿ ಕೇಸರಿಬಾತು ತಂದಳು. ನಾನು ನೆಲ ನೋಡುತ್ತಿದ್ದೆ. ತಟ್ಟೆ ನನ್ನ ಮುಂದೆ ಬಂದು ಅಲ್ಲೇ ನಿಂತಿತು. ಎಷ್ಟು ಹೊತ್ತಾದರೂ ಮುಂದಕ್ಕೆ ಹೋಗಲಿಲ್ಲ. ತಲೆಯೆತ್ತಿದೆ. ಮೊದಲು ಕಣ್ಣು ಕಂಡಿತು. ಅವೇ ಎರಡು ಕಣ್ಣು. ಅವು ನನ್ನ ಎಡಗೆನ್ನೆಯ ಮೇಲಿಂದ ಕೆಳಗೆ, ಆಮೇಲೆ ಬಲಗೆನ್ನೆಯ ಮೇಲಿಂದ ಕೆಳಗೆ, ಅಭ್ಯಾಸಬಲದಿಂದ ಎಣಿಸುತ್ತಿದ್ದವು.

"ಹದಿನೇಳು," ಎಂದು ಅವಳ ಬಾಯಿಂದ ಹೊರಟೇಬಿಟ್ಟಿತು.

 "ಏನಮ್ಮ ಅದು ನಂಬರು?" ಎಂದು ಹೆಡ್‌ಮಾಸ್ಟರು ಮಗಳನ್ನು ಕೇಳಿ, ಅನುಮಾನದಿಂದ ನನ್ನ ಕಡೆ ತಿರುಗಿದರು. "ಮುಂಚೆ ಎಲ್ಲಾದರೂ ಒಳಗಿದ್ರಾ ನೀವು?"

ನನ್ನನ್ನು ಜೈಲಿನಿಂದ ಬಿಡಿಸಲು ಅವ್ವ ಮುಂದಾದಳು. ಅವಳಿಗೆ ಆ ಹುಡುಗಿ ಯಾರೆಂದು ಗೊತ್ತಿರಲಿಲ್ಲ. ತಡೆಯಲೆಂದು ನಾನು ಅವಳ ಕಾಲು ತುಳಿಯಲು ಹೋದೆ. ಸಿಕ್ಕಿದ್ದು ರುದ್ರಪ್ಪ ಮಾವನ ಕಾಲು.

"ಅಯ್ಯೋ, ಅದು ಆಸ್ಪತ್ರೆ ನಂಬ್ರು ಕಣ್ರೀ. ಮೊಡವೆಗೆ ಏನೋ ಟ್ಯೂಬ್ ಕೊಟ್ಟಿದ್ರು. ಒಂದೊಂದು ಕೆನ್ನೆಗೆ ಒಂದೊಂದು ಅಂತೆ. ಒಂದೇ ಮುಖಕ್ಕೆ ಭೇದ ಮಾಡಕ್ಕಾಯ್ತದಾ? ಎರಡ್ಕೂ ಒಂದನ್ನೇ ಹಚ್ಬುಟ್ಟೊ, ಮೇಲೆ ಅರಿಸಿನ. ಇನ್ನೊಂದನ್ನ ಜಯಕ್ಕನ ಕಾಲಿಗೆ ಕೊಟ್ಬುಟ್ಟೊ. ಅವರ ಬುಕ್ನಲ್ಲಿ ಮಾತ್ರ ಅವರು ಹೇಳ್ದಂಗೇ ಬರ್ಕೊಟ್ಟವ್ನೆ. ನನ್ನ ಮಗ ಬಲು ಜಾಣ."

ಅವ್ವ ನನ್ನ ಪರವಾಗಿ ಇಷ್ಟು ಚೆನ್ನಾಗಿ ಯಾವತ್ತೂ ಮಾತಾಡಿರಲಿಲ್ಲ. ಶೈಲಜಾ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟಳು. ಅವಳ ಮುಖ ನನ್ನದಕ್ಕಿಂತ ಕೆಂಪಾಗಿತ್ತು. ಕೋಪಕ್ಕೋ ದುಃಖಕ್ಕೋ ತಿಳಿಯಲಿಲ್ಲ.

"ನಿಮ್ಮ ಡೈರಿ ನೋಡ್ಕೊಂಡು ಬರೀರಿ ಅಂತ ನಾನು ಮೂವತ್ತು ಜನಕ್ಕೆ ಹೇಳಿದ್ದೀನಿ," ಎಂದಳು ಮೆಲ್ಲಗೆ. ಆಮೇಲೆ ಒಳಗೆ ಹೋದಳು. ಮತ್ತೆ ಬರಲಿಲ್ಲ.

ಬುಧವಾರ ರುದ್ರಪ್ಪ ಮಾವ ಕುಂಟುತ್ತ ಬಂದು ಉತ್ತರ ತಿಳಿಸಿದರು. ಈ ಸಲವೂ ಜಾತಕವೇ ಇರಬೇಕು ಎಂದು ನಾನು ಕಾದಿದ್ದೆ. ಅಲ್ಲ.

"ಮುಖದ್ದೇನೂ ತಕರಾರಿಲ್ವಂತೆ ಕಣಯ್ಯ. ಮೊಡವೆ ಇವತ್ತಿದ್ದು ನಾಳೆ ಹೋಯ್ತದೆ ಅಂದ್ಳಂತೆ. ಇವರು ಬರೆದಿದ್ದನ್ನ, ಹೇಳಿದ್ದನ್ನ ನಾನು ಹೆಂಗೆ ನಂಬ್ಲಿ ಅಂತ ಅವಳ ಪ್ರಶ್ನೆ. ನನ್ನ ಹತ್ರ ಉತ್ತರ ಇರ್ಲಿಲ್ಲ. ನಿನ್ನ ಹತ್ರ ಅದ್ಯಾ?"

ಮುಖ ಕಂಡು ಬೇಡವೆಂದಿದ್ದರೆ ತಡೆದುಕೊಳ್ಳುತ್ತಿದ್ದೆ, ಅಭ್ಯಾಸವಿತ್ತು. ನನ್ನ ಮುಖವನ್ನು ಒಪ್ಪಿದ ಒಬ್ಬಳೇ ಒಬ್ಬಳು ನನ್ನನ್ನು ಒಪ್ಪಲಿಲ್ಲ. ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಆಸ್ಪತ್ರೆಗೆ ಹೋಗಿ, ಡಾಕ್ಟರಿಗೆ ನಡೆದದ್ದನ್ನೆಲ್ಲ ಒಪ್ಪಿಸಿದೆ. ಅವರು ಬಯ್ಯಲಿಲ್ಲ. ನನ್ನ ನಂಬರಿನ ಮೇಲೆ ಉದ್ದಕ್ಕೆ ಒಂದು ಗೀಟು ಎಳೆದು, ನಡೆದದ್ದನ್ನು ಬರೆದುಕೊಟ್ಟು ಹೋಗಿ ಎಂದರು. ನಾಲ್ಕು ಪುಟವಾಯಿತು. ಬೆಡ್‌ಶೀಟನ್ನೂ ಬಿಡದೆ ಬರೆದು, ಶೈಲಜಾಳ ಕೈಗೆ ಕೊಟ್ಟೆ. ಅವಳು ಮಾಸ್ಕಿನ ಹಿಂದೆ ಪೂರ್ತಿ ಓದಿದಳು.

"ಇದನ್ನ ಮೊದಲೇ ಹೇಳಿದ್ರೆ..." ಎಂದು ನಿಲ್ಲಿಸಿದಳು.

ನಾನು ಒಂದು ಹೆಜ್ಜೆ ಮುಂದೆ ಬಂದೆ. "ಹೇಳಿದ್ರೆ?"

"ನಿಮ್ಮ ಜಾಗಕ್ಕೆ ಬೇರೆಯವರನ್ನ ತಗೋತಿದ್ವಿ," ಎಂದು ಹೇಳಿ ಹದಿನೆಂಟನೇ ನಂಬರನ್ನು ಕರೆದಳು.

ಎರಡು ವರ್ಷದ ಮೇಲೆ ನನಗೂ ಮದುವೆಯಾಯಿತು. ಒಮ್ಮೆ ಬುದ್ಧಿ ಕಲಿತವನಲ್ಲವೇ, ಮದುವೆಯಾದ ವಾರದಲ್ಲೇ, ತಿಂಡಿ ತಿನ್ನುವಾಗ, ಹೆಂಡತಿಗೆ ಈ ಕಥೆಯನ್ನೆಲ್ಲ ಒಂದೂ ಬಿಡದೆ ಹೇಳಿದೆ. ನಾನು ಸುಳ್ಳು ಬರೆದದ್ದು, ಸಿಕ್ಕಿಬಿದ್ದದ್ದು, ಯಾವುದಕ್ಕೂ ಅವಳು ಬೆಚ್ಚಲಿಲ್ಲ. ಚಟ್ನಿ ಬಡಿಸುತ್ತ ಕೇಳಿದ್ದು ಒಂದೇ ಪ್ರಶ್ನೆ.

"ನೋಡಕ್ಕೆ ಚೆನ್ನಾಗಿದ್ಲಾ?"

"ಮಾಸ್ಕ್ ಹಾಕ್ಕೊಂಡಿದ್ಲು ಕಣೇ," ಎಂದೆ. "ಎಲ್ಲಿ ಕಾಣುತ್ತೆ?"

ಕೇಸರಿಬಾತು ತಂದಾಗ ಮಾಸ್ಕು ಇರಲಿಲ್ಲ ಎಂಬುದನ್ನು ಇಲ್ಲಿಯೇ ಮೊದಲ ಸಲ ಒಪ್ಪಿಕೊಳ್ಳುತ್ತಿದ್ದೇನೆ. ನಾನು ಬರೆದದ್ದನ್ನು ನನ್ನ ಹೆಂಡತಿ ಓದುವುದಿಲ್ಲ ಎಂಬ ಧೈರ್ಯದಿಂದ.