ಬಾಗಿಲಿಲ್ಲದ ಊರುಬಾಗಿಲು

ನಮ್ಮ ಭಾವನವರಿಗೆ ಇಬ್ಬರು ಹೆಂಡಿರು. ಒಬ್ಬಳು ನನ್ನ ಅಕ್ಕ. ಇನ್ನೊಬ್ಬಳು ಮಧ್ಯಯುಗದ ಒಂದು ಹಳ್ಳಿ. ಮೊದಲನೆಯವಳನ್ನು ಕೈಹಿಡಿದು ಹನ್ನೊಂದು ವರ್ಷವಾಯಿತು. ಎರಡನೆಯವಳು ಹಳ್ಳಿಯಾಗಿ ಉಳಿಯದೆ ಎಷ್ಟೋ ಕಾಲವಾಗಿದೆ. ಆದರೂ ಮನೆಯಲ್ಲಿ ಯಾರ ಮಾತು ನಡೆಯುತ್ತದೆಂದು ಮಾತ್ರ ಕೇಳಬೇಡಿ!

ವಿಷಯವನ್ನು ಕ್ರಮವಾಗಿ ಹೇಳುವುದೇ ಒಳ್ಳೆಯದು. ಅಕ್ಕ ಭಾವ ಇರುವುದು ಜರ್ಮನಿಯ ಕಾರ್ಲ್ಸ್‌ರುಹೆ ನಗರದ ಅಂಚಿನ ಒಂದು ಬಡಾವಣೆಯಲ್ಲಿ. ಸ್ನಾತಕೋತ್ತರ ವ್ಯಾಸಂಗಕ್ಕೆಂದು ಬಂದ ನಾನೂ ಅವರ ಮನೆಯಲ್ಲಿಯೇ ಇದ್ದೇನೆ. ಟ್ರ್ಯಾಮಿನ ಕೊನೆಯ ನಿಲ್ದಾಣ, ಒಂದು ಸೂಪರ್‌ಮಾರ್ಕೆಟ್, ಒಂದು ಬೇಕರಿ, ಸಾಲು ಮನೆಗಳು. ಉಳಿದವರ ಕಣ್ಣಿಗೆ ಕಾಣುವುದು ಇಷ್ಟೇ. ಆದರೆ ನಗರವನ್ನು ಒಬ್ಬ ಅರಸ ಕಟ್ಟಿಸಿ ಮುನ್ನೂರು ವರ್ಷ ಚಿಲ್ಲರೆಯಾಗಿದ್ದರೆ, ನಮ್ಮ ಬಡಾವಣೆ ಅದಕ್ಕೂ ಎಷ್ಟೋ ಶತಮಾನ ಮೊದಲು, ಯಾವುದೋ ಮಠದ ದಾನಪತ್ರದಲ್ಲಿ ಹಳ್ಳಿಯೆಂದು ಹೆಸರು ಬರೆಸಿಕೊಂಡಿದೆಯಂತೆ.

“ತಾಯಿಗಿಂತ ಮಗಳು ದೊಡ್ಡೋಳು ಕಣಮ್ಮಾ! ಇಂಥ ಸಂಸಾರ ಎಲ್ಲಾದ್ರೂ ನೋಡಿದೀಯಾ?” ಎಂದು ಭಾವ ನನ್ನನ್ನು ವಾರಕ್ಕೊಮ್ಮೆಯಾದರೂ ಕೇಳುತ್ತಾರೆ.

ಟ್ರ್ಯಾಮ್ ನಿಲ್ದಾಣದಿಂದ ಮನೆಗೆ ಐದು ನಿಮಿಷದ ದಾರಿ. ಅತಿಥಿಗಳನ್ನು ಭಾವ ಕರೆತಂದರೆ ಐವತ್ತು ನಿಮಿಷ. ಕಳೆದ ಚಳಿಗಾಲದಲ್ಲಿ ಅವರ ಸಹೋದ್ಯೋಗಿಯೊಬ್ಬರು, ಮೈಸೂರಿನ ಸಭ್ಯರು, ಕೊರೆಯುವ ಗಾಳಿಯಲ್ಲಿ ಸೂಪರ್‌ಮಾರ್ಕೆಟ್ಟಿನ ಎದುರು ನಿಂತು ಹಳ್ಳಿಯ ಕೆರೆಯ ವೃತ್ತಾಂತವನ್ನು ಕೇಳಬೇಕಾಯಿತು.

“ಇಲ್ಲೇ ಸಾರ್ ಕೆರೆ ಇದ್ದಿದ್ದು.”

“ಎಲ್ಲಿ, ಮೊಸರು ಜೋಡಿಸಿದಾರಲ್ಲ, ಅಲ್ಲೇನು?”

“ಮೊಸರಿನ ಹತ್ರ ಆಳ ಕಮ್ಮಿ ಸಾರ್. ಶಾಂಪೂ ಕಡೆ ಹೋಗ್ಬೇಡಿ, ಅಲ್ಲಿ ಆನೆ ಮುಳುಗತ್ತೆ!”

ಅಷ್ಟರಲ್ಲಿ ಅಕ್ಕನ ಫೋನು ಬಂದಿತು. “ರೀ, ಯಾವ ಶತಮಾನದಲ್ಲಿದೀರಾ? ಬೇಗ ಬನ್ನಿ, ಇಡ್ಲಿ ಆರ್ತಿದೆ.”

ಭಾವನ ಪಾಂಡಿತ್ಯದಲ್ಲಿ ದೋಷವೇ ಇಲ್ಲವೆಂದು ಹೇಳಿದರೆ ತಪ್ಪಾದೀತು. ಬಡಾವಣೆಯ ಒಂದು ಬೀದಿಗೆ ‘ಆಂಗರ್’ ಎಂಬ ಹೆಸರಿದೆ. ಫಲಕದ ಅಕ್ಷರಗಳನ್ನು ಇಂಗ್ಲಿಷಿನಂತೆ ಓದಿದರೆ ಕೋಪ ಎಂದರ್ಥ. ಜರ್ಮನ್ ಬಾರದ ಮೊದಲ ವರ್ಷ ಭಾವ ಅದನ್ನು ಹಾಗೆಯೇ ಓದಿದರು. ಓದಿ ಸುಮ್ಮನಿದ್ದರೇ? ಹಳ್ಳಿಯ ರೈತರು ಧಣಿಯ ಮೇಲೆ ಕೆರಳಿ ದಂಗೆಯೆದ್ದ ಜಾಗ ಇದೇ ಎಂದು ಬಂದವರಿಗೆಲ್ಲ ಕೈಬೀಸಿ ತೋರಿಸಿದರು. ಕೊನೆಗೆ, ಆಗಷ್ಟೇ ಶಾಲೆಗೆ ಸೇರಿದ್ದ ಅವರ ಮಗಳು ಅತಿಥಿಗಳೆದುರಿಗೇ, “ಪಪ್ಪಾ, ಆಂಗರ್ ಅಂದ್ರೆ ಕೋಪ ಅಲ್ಲ. ಹಸು ಮೇಯೋ ಹುಲ್ಲು!” ಎಂದುಬಿಟ್ಟಳು.

ಬೇರೆ ಯಾರಾದರೂ ಆಗಿದ್ದರೆ ನಾಚುತ್ತಿದ್ದರು. ಭಾವ ಒಂದು ಕ್ಷಣ ಯೋಚಿಸಿ, “ಅಂದ್ರೆ ಗೋಮಾಳ! ಸರಿಯಾಗೇ ಇದೆಯಲ್ಲ. ಗೋಮಾಳ ಇದ್ದ ಕಡೆ ಒತ್ತುವರಿ ಇರತ್ತೆ, ಒತ್ತುವರಿ ಇದ್ದ ಕಡೆ ಕೋಪ ಇದ್ದೇ ಇರತ್ತೆ,” ಎಂದರು.

ಇನ್ನು ಕಲ್ಲಿನ ಪ್ರಕರಣ. ಬೇಕರಿಯ ಪಕ್ಕದಲ್ಲಿ ಎರಡು ಕಲ್ಲುಕಂಬಗಳು, ಅವುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ. ಎತ್ತರ ನನ್ನ ಹೆಗಲಿನಷ್ಟು. ಭಾವ ಅದನ್ನು ಊರುಬಾಗಿಲೆಂದು ತೀರ್ಮಾನಿಸಿದರು. ಬಾಗಿಲೆಂದ ಮೇಲೆ ಹಬ್ಬದ ದಿನ ಬರಿದಾಗಿ ಬಿಡುವುದುಂಟೇ? ಯುಗಾದಿಯ ಬೆಳಿಗ್ಗೆ ಕಂಬಗಳನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ತೋರಣ ಕಟ್ಟಿ ಬಂದರು. ಇಲ್ಲಿ ಮಾವಿನೆಲೆ ಸಿಗುವುದಿಲ್ಲ. ನೋಡಲು ಹಾಗೆಯೇ ಇರುವ ಎಲೆಗಳನ್ನು ಯಾವುದೋ ಬೇಲಿಗಿಡದಿಂದ ಕಿತ್ತಿದ್ದರು. ಆ ಬೇಲಿ ಎದುರುಮನೆಯ ಅಜ್ಜಿಯದಾಗಿತ್ತು!

ಅಜ್ಜಿ ಹತ್ತು ಗಂಟೆಗೆ ಕರೆಗಂಟೆ ಒತ್ತಿದರು. ಅವರು ಜರ್ಮನ್ನಿನಲ್ಲಿ ಆಡಿದ ಮಾತಿನ ಅನುವಾದ ನನ್ನದು. ತಪ್ಪಿದ್ದರೆ ಓದುಗರು ಕ್ಷಮಿಸಬೇಕು.

“ನನ್ನ ಬೇಲಿಯ ಎಲೆ ಆ ಕಲ್ಲಿನ ಮೇಲೆ ಯಾಕೆ ನೇತಾಡುತ್ತಿದೆ? ಕೆಂಪು ಬಣ್ಣ ಬಳಿದವರು ಯಾರು?”

ಅಕ್ಕ ನನ್ನ ಕಿವಿಯಲ್ಲಿ, “ಪೌರತ್ವದ ಅರ್ಜಿ ಕಚೇರೀಲಿದೆ, ಇವರ ಕುಂಕುಮ ಬೀದೀಲಿದೆ. ಮುಗೀತು ಬಿಡು,” ಎಂದಳು.

ಭಾವ ವಿನಯದಿಂದ ಊರುಬಾಗಿಲಿನ ಮಹತ್ವವನ್ನು ವಿವರಿಸಿದರು. ಅಜ್ಜಿ ಪೂರ್ತಿ ಕೇಳಿದರು.

“ಬಾಗಿಲೂ ಅಲ್ಲ, ಗೀಗಿಲೂ ಅಲ್ಲ. ನನ್ನ ಅಜ್ಜಿ ಅದರ ಮೇಲೆ ಎಲೆಕೋಸು ಇಡುತ್ತಿದ್ದಳು.”

ಹಳ್ಳಿಯ ಹೆಂಗಸರು ಬುಟ್ಟಿ ಹೊತ್ತು ನಗರದ ಸಂತೆಗೆ ನಡೆಯುವಾಗ, ಹೊರೆಯನ್ನು ಆ ಚಪ್ಪಡಿಗೆ ಜಾರಿಸಿ ದಣಿವಾರಿಸಿಕೊಳ್ಳುತ್ತಿದ್ದರಂತೆ. ಅದಕ್ಕೆ ಹಳಬರು ಹೇಳುತ್ತಿದ್ದುದು ‘ರುಹೆ’, ಅಂದರೆ ವಿಶ್ರಾಂತಿ. ಬುಟ್ಟಿಯ ಕೆಳಗೆ ಏನಿಡುತ್ತಿದ್ದರೆಂದು ತೋರಿಸಲು ಅಜ್ಜಿ ಕೊರಳಿನ ವಸ್ತ್ರವನ್ನು ತೆಗೆದು ಬಳೆಯಂತೆ ಸುತ್ತಿ ತಲೆಯ ಮೇಲಿಟ್ಟುಕೊಂಡರು.

“ಸಿಂಬೆ!” ಎಂದು ಭಾವ ಕೂಗಿದರು. ಅಜ್ಜಿ ಹೋದ ಎಷ್ಟೋ ಹೊತ್ತಿನ ನಂತರ ನನ್ನ ಕಡೆ ತಿರುಗಿ, “ಕಾರ್ಲ್ ಅನ್ನೋ ರಾಜ ವಿಶ್ರಾಂತಿ ತಗೊಂಡ ಅಂತ ಇಡೀ ಊರಿಗೇ ಕಾರ್ಲ್ಸ್‌ರುಹೆ ಅಂತ ಹೆಸರಿಟ್ರು. ಇಷ್ಟು ಹೆಂಗಸರು ತಗೊಂಡ ರುಹೆಗೆ ಒಂದು ಬೋರ್ಡೂ ಇಲ್ಲ, ನೋಡು,” ಎಂದರು.

ಬೋರ್ಡು ಬಂದಿತು, ಆದರೆ ಬೇರೆಯದು, ನಗರಸಭೆಯದು. ಅಲ್ಲಿ ಸೈಕಲ್ ನಿಲುಗಡೆ ಆಗಲಿದೆ, ಕಲ್ಲುಗಳನ್ನು ಉಗ್ರಾಣಕ್ಕೆ ಸಾಗಿಸಲಾಗುವುದು, ಆಕ್ಷೇಪವಿದ್ದವರು ಶನಿವಾರ ಬೆಳಿಗ್ಗೆ ಶಾಲೆಯ ಸಭಾಂಗಣದಲ್ಲಿ ಹೇಳಬಹುದು, ಒಬ್ಬರಿಗೆ ಮೂರು ನಿಮಿಷ. ಉಗ್ರಾಣಕ್ಕೆ ಹೋದ ಕಲ್ಲು ಹಿಂದಿರುಗುವುದೆಂದು ನಂಬುವಷ್ಟು ಮುಗ್ಧರಲ್ಲ ಭಾವ. ಆ ವಾರ ಅವರು ಯಾರಿಗೂ ಕೆರೆ ತೋರಿಸಲಿಲ್ಲ. ಎಂಟು ಪುಟದ ಭಾಷಣ ಬರೆದರು; ನಾನು ವ್ಯಾಕರಣ ತಿದ್ದಿದೆ.

ಸಭೆಯಲ್ಲಿ ಮೊದಲೆರಡು ನಿಮಿಷ ಮಠದ ದಾನಪತ್ರಕ್ಕೇ ಮುಗಿದವು. ಅಧಿಕಾರಿ ಗಡಿಯಾರ ನೋಡಿದರು. ಹಿಂದಿನ ಸಾಲಿನವರೊಬ್ಬರು ಆಕಳಿಸಿದರು. ಭಾವ ಹಾಳೆಗಳನ್ನು ಮೇಜಿನ ಮೇಲಿಟ್ಟು, ಯಾರೂ ತಿದ್ದದ ಜರ್ಮನ್ನಿನಲ್ಲಿ ಮಾತನಾಡತೊಡಗಿದರು.

“ನನ್ನ ತಾಯಿ ಸೊಪ್ಪು ಮಾರುತ್ತಿದ್ದರು. ತಲೆಯ ಮೇಲೆ ಬುಟ್ಟಿ, ಎಂಟು ಕಿಲೋಮೀಟರ್ ದಾರಿ. ತುಂಬಿದ ಬುಟ್ಟಿಯನ್ನು ನೆಲಕ್ಕಿಳಿಸಿದರೆ ಮತ್ತೆ ತಲೆಗೇರಿಸಲು ಇನ್ನೊಬ್ಬರ ಕೈ ಬೇಕು. ದಾರಿಯಲ್ಲಿ ಯಾರೂ ಇರುತ್ತಿರಲಿಲ್ಲ. ಅದಕ್ಕೇ ಅವರು ಇಳಿಸುತ್ತಲೇ ಇರಲಿಲ್ಲ. ನಿಮ್ಮ ಹಳ್ಳಿಯವರು ಒಂಟಿಯಾಗಿ ಬರುವವಳನ್ನು ನೆನೆದು ಇದನ್ನು ನಿಲ್ಲಿಸಿದ್ದಾರೆ. ಉಗ್ರಾಣಕ್ಕೆ ಹಾಕಬೇಡಿ.”

ಅಧಿಕಾರಿ ಕೈಯೆತ್ತಿಸಿ ಅಭಿಪ್ರಾಯ ಕೇಳಿದಾಗ, ಮೊದಲು ಮೇಲೆದ್ದ ಕೈ ಎದುರುಮನೆಯ ಅಜ್ಜಿಯದು. ಸೈಕಲ್ಲುಗಳನ್ನು ರಸ್ತೆಯ ಆಚೆ ಬದಿಯಲ್ಲಿ ನಿಲ್ಲಿಸುವುದೆಂದು ತೀರ್ಮಾನವಾಯಿತು.

ಹೊರಗೆ ಬಂದ ಮೇಲೆ ಅಕ್ಕ ಮೆಟ್ಟಿಲ ಮೇಲೆಯೇ ನಿಂತುಬಿಟ್ಟಳು. ಭಾವನ ತಾಯಿ ಅವರ ಮದುವೆಗೆ ಮೊದಲೇ ತೀರಿಕೊಂಡವರು. ಸಂಬಂಧ ಕೂಡಿಬರುವಾಗ ನಮಗೆ ತಿಳಿಸಿದ್ದು ‘ತಾಯಿ, ಗೃಹಿಣಿ’ ಎಂದಷ್ಟೇ.

“ಬೀದಿಲಿ ಹೋಗೋರಿಗೆಲ್ಲ ಚರಿತ್ರೆ ಹೇಳ್ತೀರಾ. ಅತ್ತೇದು ನನಗ್ಯಾಕ್ರೀ ಹೇಳ್ಲಿಲ್ಲ?”

“ನಿಮ್ಮ ತಂದೇಗೆ ಬಟ್ಟೆ ವ್ಯಾಪಾರ ಇತ್ತು ಅಂದಿದ್ರಲ್ಲ,” ಎಂದರು ಭಾವ, ಬಹಳ ಮೆಲ್ಲಗೆ. “ಅದಕ್ಕೇ ಹಿಂಜರಿದೆ.”

ಅಕ್ಕ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ನಮ್ಮ ತಂದೆ ತೀರಿಕೊಂಡ ಮೇಲೆ ಎಲ್ಲ ಅರ್ಜಿಗಳಲ್ಲಿಯೂ, ಇಲ್ಲಿಯ ವಿಶ್ವವಿದ್ಯಾಲಯದ ಅರ್ಜಿಯಲ್ಲಿಯೂ, ‘ಬಟ್ಟೆ ವ್ಯಾಪಾರ’ ಎಂಬ ಆ ಎರಡು ಪದಗಳನ್ನು ತಪ್ಪಿಲ್ಲದೆ ತುಂಬುತ್ತ ಬಂದವಳು ನಾನು.

“ವ್ಯಾಪಾರ ಅಲ್ಲರೀ,” ಎಂದಳು ಅಕ್ಕ. “ಇಸ್ತ್ರಿ ಗಾಡಿ. ತಳ್ಳೋ ಗಾಡಿ.”

ಭಾವ ನಗಲಿಲ್ಲ. ಸ್ವಲ್ಪ ಹತ್ತಿರಕ್ಕೆ ಬಂದು, “ಎಲ್ಲಿ ನಿಲ್ತಿತ್ತು?” ಎಂದು ಕೇಳಿದರು.

ಅಕ್ಕ ಸೆರಗಿಲ್ಲದ ಕೋಟಿನ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಆದ್ದರಿಂದ ನಾನೇ ಹೇಳಿದೆ.

“ಎರಡನೇ ಕ್ರಾಸು, ಬೇವಿನ ಮರದ ಕೆಳಗೆ, ಭಾವ.”